ಹುಬ್ಬಳ್ಳಿಯಲ್ಲಿ ಒಬ್ಬಳೇ ಓಡಾಡಬೇಕು, ಫೋನಿನ ಜಿಪಿಎಸ್ ಎಷ್ಟು ನಂಬಬಹುದು?

ರಾಣೆಬೆನ್ನೂರಿನವಳು

ಎಲ್ಲರಿಗೂ ನಮಸ್ಕಾರ. ನನಗೆ 24 ವರ್ಷ, ಊರು ರಾಣೆಬೆನ್ನೂರು. ಎರಡೂ ಕಣ್ಣು ಕಾಣುವುದಿಲ್ಲ, ಬಿಸಿಲಿದೆಯೋ ನೆರಳಿದೆಯೋ ಅಷ್ಟು ಮಾತ್ರ ಗೊತ್ತಾಗುತ್ತದೆ. ಹೋದ ತಿಂಗಳು ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಕೆಲಸ ಸಿಕ್ಕಿತು, ಅಲ್ಲೇ ಹತ್ತಿರ ಪಿಜಿಯಲ್ಲಿದ್ದೇನೆ. ಪಿಜಿಯಿಂದ ಆಫೀಸಿಗೆ ನಡೆದರೆ ಹದಿನೈದು ನಿಮಿಷ. ಊರಲ್ಲಿ ಓಡಾಡಲು ನನಗೆ ಫೋನ್ ಬೇಕೇ ಇರಲಿಲ್ಲ. ಹುಟ್ಟಿ ಬೆಳೆದ ಓಣಿ, ಯಾರ ಮನೆಯ ಕಟ್ಟೆ ಎಲ್ಲಿ ರಸ್ತೆಗೆ ಬಂದಿದೆ ಅನ್ನುವುದೂ ಕಾಲಿಗೆ ಗೊತ್ತಿತ್ತು. ಇಲ್ಲಿ ಹಾಗಲ್ಲ. ಕೈಯಲ್ಲಿ ಬಿಳಿ ಕೋಲು, ಕಿವಿಯಲ್ಲಿ ಇಯರ್‌ಫೋನ್, ಮ್ಯಾಪ್ ಹೇಳಿದ ಕಡೆ ನಡೆಯುತ್ತಿದ್ದೇನೆ.

ಮೂರು ವಾರ ಚೆನ್ನಾಗಿಯೇ ನಡೆಯಿತು. ಹೋದ ಗುರುವಾರ ಆಫೀಸಿನ ಕೆಲಸಕ್ಕೆ ಬೇರೆ ಒಂದು ಕಟ್ಟಡಕ್ಕೆ ಹೋಗಬೇಕಾಯಿತು. ಮ್ಯಾಪ್ "ನೀವು ತಲುಪಿದ್ದೀರಿ, ಸ್ಥಳ ನಿಮ್ಮ ಬಲಕ್ಕಿದೆ" ಎಂದಿತು. ಬಲಕ್ಕೆ ತಿರುಗಿ ಒಂದು ಹೆಜ್ಜೆ ಇಟ್ಟೆ, ಕೋಲು ಸರ್ರನೆ ಕೆಳಗೆ ಇಳಿಯಿತು. ಮೇಲೆ ಕಲ್ಲು ಇಲ್ಲದ ಗಟಾರು. ಕಾಯಿಪಲ್ಲೆ ಗಾಡಿಯ ಅಜ್ಜಿ ಒಬ್ಬರು "ಯವ್ವಾ, ಅಲ್ಲೇ ನಿಂದ್ರು, ಹೆಜ್ಜಿ ಮುಂದ ಇಡಬ್ಯಾಡ" ಎಂದು ಕೂಗುತ್ತಾ ಬಂದು ಕೈ ಹಿಡಿದರು. ನಾನು ಹೋಗಬೇಕಾದ ಕಟ್ಟಡ ರಸ್ತೆಯ ಆಚೆ ಬದಿಗಿತ್ತು, ಅದೂ ನಲವತ್ತು ಹೆಜ್ಜೆ ಹಿಂದೆ.

ಈಗ ನನ್ನ ಪ್ರಶ್ನೆ. ನಾನು ಫೋನನ್ನು ಬಳಸುವ ರೀತಿಯಲ್ಲೇ ತಪ್ಪಿದೆಯಾ, ಅಥವಾ ಇದು ಇಷ್ಟೇನಾ? ಜಾಸ್ತಿ ಬೆಲೆಯ ಫೋನ್ ತಗೊಂಡರೆ ಸರಿ ಹೋಗುತ್ತದಾ? ಮಳೆಗಾಲ ಬೇರೆ ಬರುತ್ತಿದೆ, ಮೋಡ ಇದ್ದರೆ ಸಿಗ್ನಲ್ ಕೆಡುತ್ತದೆ ಎಂದು ರೂಮಿನವರು ಹೇಳುತ್ತಾರೆ, ನಿಜವಾ? ಅಪ್ಪನಿಗೆ ಗಟಾರಿನ ವಿಷಯ ಗೊತ್ತಾದಾಗಿನಿಂದ "ಕೆಲಸ ಬಿಟ್ಟು ಬಂದುಬಿಡು" ಎನ್ನುತ್ತಿದ್ದಾರೆ. ಕೆಲಸ ನಾನು ಬಿಡುವುದಿಲ್ಲ. ಆದರೆ ಅಪ್ಪನಿಗೆ ಹೇಳಲು ಸರಿಯಾದ ಉತ್ತರ ನನ್ನ ಹತ್ತಿರ ಇಲ್ಲ. ನಿಜವಾಗಿ ಬಳಸಿದವರು ಹೇಳಿ.

ಕೇಶ್ವಾಪುರದ ಕಾಕಾ

ಓದಿ ಎದೆ ಝಲ್ ಎಂದಿತು ಮಗಳೇ. ಇಷ್ಟೆಲ್ಲ ಯಾಕೆ, ಗುರುತಿನ ಆಟೋದವರು ಒಬ್ಬರನ್ನು ತಿಂಗಳಿಗೆ ಮಾತಾಡಿಕೊಂಡುಬಿಡು. ಬಾಗಿಲಿಂದ ಬಾಗಿಲಿಗೆ ಬಿಡುತ್ತಾರೆ. ಚೆನ್ನಮ್ಮ ಸರ್ಕಲ್ ಕಡೆ ಫ್ಲೈಓವರ್ ಕೆಲಸ ಶುರುವಾದ ಮೇಲೆ ಕಣ್ಣಿದ್ದ ನಮಗೇ ದಾರಿ ಗೊತ್ತಾಗುವುದಿಲ್ಲ. ನನ್ನ ಮಗಳಾಗಿದ್ದರೆ ಇದನ್ನೇ ಹೇಳುತ್ತಿದ್ದೆ.

ಧಾರವಾಡದ ಮಾಸ್ತರ

ತಂಗಿ, ನಾನೂ ಪೂರ್ತಿ ಕಣ್ಣಿಲ್ಲದವನು. ಧಾರವಾಡದಲ್ಲಿ ಮಾಸ್ತರಿಕೆ. ಬಿಳಿ ಕೋಲು ಹಿಡಿದು ಇಪ್ಪತ್ತೆರಡು ವರ್ಷ ಆಯಿತು, ಜಿಪಿಎಸ್ ಬಳಸಲು ಶುರು ಮಾಡಿದ್ದು ನೋಕಿಯಾ ಫೋನಿನ ಕಾಲದಲ್ಲಿ. ಆಗ ಲೋಡ್‌ಸ್ಟೋನ್ ಎಂಬ ಉಚಿತ ತಂತ್ರಾಂಶ ಇತ್ತು, ಕಣ್ಣಿಲ್ಲದವರೇ ಸೇರಿ ಮಾಡಿದ್ದು. ಜಿಪಿಎಸ್‌ನ ಸಣ್ಣ ಡಬ್ಬಿಯನ್ನು ಬೇರೆ ಜೇಬಿನಲ್ಲಿ ಇಟ್ಟುಕೊಳ್ಳಬೇಕು, ಅದು ಬ್ಲೂಟೂತ್‌ನಲ್ಲಿ ಫೋನಿಗೆ ಹೇಳುತ್ತದೆ. ನಮ್ಮ ಓಣಿಗಳು ಯಾವ ನಕಾಶೆಯಲ್ಲೂ ಇರದ ಕಾಲ ಅದು. ಅದಕ್ಕೇ ನಾವೇ ಹೋಗಿ ಬಾಗಿಲ ಮುಂದೆ ನಿಂತು ಆ ಜಾಗವನ್ನು ಹೆಸರು ಹಾಕಿ ಉಳಿಸಿಕೊಳ್ಳಬೇಕಿತ್ತು. ಈಗ ಎಲ್ಲ ನಕಾಶೆಯೂ ಫೋನಿನಲ್ಲಿದೆ, ಆದರೆ ನಾನು ಇವತ್ತಿಗೂ ಅದನ್ನೇ ಮಾಡುತ್ತೇನೆ. ನಿನಗೂ ಅದನ್ನೇ ಹೇಳುತ್ತೇನೆ.

ಹೊಸ ಜಾಗಕ್ಕೆ ಮೊದಲ ಸಲ ಹೋಗುವಾಗ ಕಣ್ಣಿದ್ದವರು ಒಬ್ಬರ ಜೊತೆ ಹೋಗು. ಗೇಟಿನ ಮುಂದೆ, ಗೋಡೆಗೆ ಅಂಟದೆ, ಒಂದು ನಿಮಿಷ ಸುಮ್ನೆ ನಿಲ್ಲು. ಫೋನು ತನ್ನ ಜಾಗ ಹುಡುಕಿಕೊಳ್ಳಲಿ. ಆಮೇಲೆ "ಆಫೀಸ್ ಗೇಟ್" ಎಂದು ಉಳಿಸು. ಬೇರೆ ಯಾರೋ ಇಟ್ಟ ಗುರುತು ಕಟ್ಟಡದ ಹಿಂಬದಿಗೂ ಇರಬಹುದು, ಪಕ್ಕದ ರಸ್ತೆಗೂ ಇರಬಹುದು. ನೀನು ಇಟ್ಟ ಗುರುತು ಮಾತ್ರ ನಿನ್ನ ಕಾಲು ನಿಂತಿದ್ದ ಜಾಗ.

ಇನ್ನು ಗಟಾರು. "ತಲುಪಿದ್ದೀರಿ" ಎಂದು ಫೋನು ಹೇಳಿದ ಕೂಡಲೇ ನನ್ನ ಮಟ್ಟಿಗೆ ಅದರ ಕೆಲಸ ಮುಗಿಯಿತು. ಅಲ್ಲಿಂದ ಒಂದು ಹೆಜ್ಜೆಯನ್ನೂ ಅದರ ಮಾತು ಕೇಳಿ ಇಡುವುದಿಲ್ಲ. ಬಲಕ್ಕಿದೆ ಎಂದರೆ ಬಲಕ್ಕೆ ತಿರುಗಬೇಕೆಂದಲ್ಲ. ನಿಂತು, ಕೋಲಿನಲ್ಲಿ ಸುತ್ತ ತಡವಿ, ಕಿವಿಗೆ ಏನು ಕೇಳುತ್ತದೆ ನೋಡಿ, ಆಮೇಲೆ ಹತ್ತಿರ ಯಾರಾದರೂ ಇದ್ದರೆ ಕೇಳುತ್ತೇನೆ. ಕೇಳುವುದಕ್ಕೆ ನಾಚಿಕೆ ಬೇಡ. ಎರಡು ವರ್ಷದ ಹಿಂದೆ ಸಪ್ತಾಪುರದಲ್ಲಿ ನಾನೂ ಹೀಗೇ ನಂಬಿ ನಡೆದು ಮನೆ ಕಟ್ಟುವವರು ಹಾಕಿದ್ದ ಜಲ್ಲಿಯ ಗುಡ್ಡೆಗೆ ಬಿದ್ದೆ, ಮೊಣಕಾಲು ಒಂದು ತಿಂಗಳು ಬಾತಿತ್ತು. ಜಲ್ಲಿ ಆಕಾಶದಿಂದ ಕಾಣುವುದಿಲ್ಲ.

ದಿನಾ ಹೋಗುವ ದಾರಿಗೆ ನಿನ್ನದೇ ಗುರುತುಗಳನ್ನು ಕಟ್ಟಿಕೋ. ಗಿರಣಿಯ ಸದ್ದು, ಮಿರ್ಚಿ ಭಜಿ ಕರಿಯುವ ವಾಸನೆ, ಟ್ರಾನ್ಸ್‌ಫಾರ್ಮರ್ ಗುಂಯ್‌ಗುಡುವುದು, ರಸ್ತೆ ಎಲ್ಲಿ ಏರುತ್ತದೆ, ಎಲ್ಲಿ ಕಾಲಿಗೆ ಹಂಪ್ ಸಿಗುತ್ತದೆ. ಲೈನ್ ಬಜಾರಿನಲ್ಲಿ ಪೇಡಾದ ವಾಸನೆ ಬಂದರೆ ನಾನು ಎಲ್ಲಿದ್ದೇನೆ ಎಂದು ಫೋನನ್ನು ಕೇಳುವ ಅಗತ್ಯ ಇಲ್ಲ. ಈ ಗುರುತುಗಳು ಮೊದಲು. ಎಷ್ಟನೇ ಕ್ರಾಸ್ ದಾಟಿದೆ ಎಂದು ಅನುಮಾನ ಬಂದಾಗ ಫೋನು.

ಎರಡೂ ಕಿವಿಗೆ ಇಯರ್‌ಫೋನ್ ಹಾಕುತ್ತೀಯಾ? ಹಾಕಬೇಡ. ಒಂದೇ ಕಿವಿಗೆ ಹಾಕು, ಅದೂ ರಸ್ತೆಯ ಕಡೆಗಲ್ಲದ ಕಿವಿಗೆ. ಕಿವಿ ಮುಚ್ಚದೆ ಕೆನ್ನೆಯ ಎಲುಬಿನ ಮೂಲಕ ಕೇಳಿಸುವ ಇಯರ್‌ಫೋನ್ ಸಿಗುತ್ತವೆ, ಸಂಬಳ ಬಂದಾಗ ತಗೋ. ಈಗ ಬ್ಯಾಟರಿ ಆಟೋ, ಬ್ಯಾಟರಿ ಸ್ಕೂಟರ್ ಜಾಸ್ತಿಯಾಗಿವೆ, ಹತ್ತಿರ ಬರುವ ತನಕ ಸದ್ದೇ ಇರುವುದಿಲ್ಲ.

ಕೇಶ್ವಾಪುರದ ಕಾಕಾ ಅವರೇ, ನೀವು ಕಳಕಳಿಯಿಂದ ಹೇಳಿದ್ದೀರಿ, ಗೊತ್ತು. ಆದರೆ ಆಟೋದವರು ಬರದ ದಿನ ಏನು ಮಾಡಬೇಕು?

ನಕಾಶೆ ಹುಬ್ಬಳ್ಳಿ

ನನಗೆ ಕಣ್ಣು ಕಾಣುತ್ತದೆ, ಹಾಗಾಗಿ ನಡೆಯುವುದರ ಬಗ್ಗೆ ಮಾಸ್ತರರ ಮಾತೇ ಮಾತು. ನಾನು ಬಿಡುವಿನಲ್ಲಿ, ಯಾರು ಬೇಕಾದರೂ ತಿದ್ದಬಹುದಾದ ಉಚಿತ ನಕಾಶೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಹುಬ್ಬಳ್ಳಿಯ ರಸ್ತೆಗಳನ್ನು ಸೇರಿಸುತ್ತೇನೆ, ಆ ಅನುಭವದಿಂದ ತಪ್ಪು ಎಲ್ಲಿಂದ ಬರುತ್ತದೆ ಎಂದು ಹೇಳಬಲ್ಲೆ.

ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಇರುತ್ತವೆ. ಕನಿಷ್ಠ ನಾಲ್ಕು ಉಪಗ್ರಹಗಳಿಂದ ಸಿಗ್ನಲ್ ಬಂದು ಮುಟ್ಟಲು ಎಷ್ಟು ಹೊತ್ತು ಹಿಡಿಯಿತು ಎಂದು ಲೆಕ್ಕ ಹಾಕಿ ಫೋನು ತನ್ನ ಜಾಗ ಕಂಡುಕೊಳ್ಳುತ್ತದೆ. ಸಿಗ್ನಲ್ ಬೆಳಕಿನ ವೇಗದಲ್ಲಿ ಬರುತ್ತದೆ. ಅಂದರೆ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗ ತಡವಾದರೂ 300 ಮೀಟರ್ ತಪ್ಪು. ಎತ್ತರದ ಕಟ್ಟಡಗಳ ನಡುವೆ ಸಿಗ್ನಲ್ ನೇರವಾಗಿ ಬರದೆ ಗೋಡೆಗೆ ಬಡಿದು ಬರುತ್ತದೆ, ಸ್ವಲ್ಪ ಸುತ್ತು ದಾರಿ, ಅಷ್ಟಕ್ಕೇ ಹತ್ತಿಪ್ಪತ್ತು ಮೀಟರ್ ಆಚೀಚೆ ಆಗಿಬಿಡುತ್ತದೆ. ಬಯಲಿನಲ್ಲಿ, ಮೇಲೆ ಆಕಾಶ ಪೂರ್ತಿ ತೆರೆದಿದ್ದಾಗ, ಸಾಮಾನ್ಯ ಫೋನಿನ ತಪ್ಪು ಸುಮಾರು 5 ಮೀಟರ್ ಒಳಗೆ ಇರುತ್ತದೆ. ಕಾರಿನವರಿಗೆ 5 ಮೀಟರ್ ಲೆಕ್ಕಕ್ಕೇ ಇಲ್ಲ. ನಮ್ಮ ಒಳ ರಸ್ತೆಗಳ ಅಗಲವೇ ಅಷ್ಟು, ಹಾಗಾಗಿ ನಡೆಯುವವರಿಗೆ ಅದು ರಸ್ತೆಯ ಈ ಬದಿಯೋ ಆ ಬದಿಯೋ ಅನ್ನುವ ಪ್ರಶ್ನೆ. ನಿಮಗೆ ಗುರುವಾರ ಬದಿ ತಪ್ಪಿದ್ದಕ್ಕೆ ಇದೊಂದೇ ಸಾಕು.

ನಲವತ್ತು ಹೆಜ್ಜೆ ಮುಂದೆ ಹೋಗಿದ್ದಕ್ಕೆ ಬಹುಶಃ ಉಪಗ್ರಹ ಕಾರಣ ಅಲ್ಲ, ಗುರುತು ಇಟ್ಟವರು ಇಟ್ಟ ಜಾಗ ಕಾರಣ. ಜಾಸ್ತಿ ಜನ ಮನೆಯಲ್ಲಿ ಕುಳಿತು ಅಂದಾಜಿನ ಮೇಲೆ ಗುರುತು ಇಡುತ್ತಾರೆ. ಕಟ್ಟಡದ ನಡುವೆ ಇಡುತ್ತಾರೆ, ಗೇಟಿನ ಹತ್ತಿರ ಇಡುವವರು ಬಹಳ ಕಡಿಮೆ. ವಿಳಾಸದ ಬದಲು ಜಾಗ ಹೇಳಲು ಗೂಗಲ್ ಮ್ಯಾಪ್ ಕೊಡುವ ಪ್ಲಸ್ ಕೋಡ್ ಕಳಿಸಿದರೂ ಅಷ್ಟೇ, ಹತ್ತು ಅಕ್ಷರದ ಪ್ಲಸ್ ಕೋಡ್ ಅಂದರೆ ಸುಮಾರು 14 ಮೀಟರ್ ಉದ್ದ ಅಗಲದ ಚೌಕ. ಅದರೊಳಗೆ ಬಾಗಿಲು ಎಲ್ಲಿದೆ ಎಂದು ಅದು ಹೇಳುವುದಿಲ್ಲ.

ಇನ್ನೊಂದು ದಿಕ್ಕಿನ ವಿಷಯ, ಇದು ನಿಮಗೆ ಎಲ್ಲಕ್ಕಿಂತ ಮುಖ್ಯ ಅನಿಸುತ್ತದೆ. ನೀವು ನಡೆಯುತ್ತಿರುವಾಗ ಮಾತ್ರ ಜಿಪಿಎಸ್‌ನಿಂದ ದಿಕ್ಕು ತಿಳಿಯುತ್ತದೆ. ನಿಂತ ಕೂಡಲೇ ಫೋನು ಒಳಗಿನ ದಿಕ್ಸೂಚಿಯನ್ನು ನಂಬುತ್ತದೆ. ಪಕ್ಕದಲ್ಲಿ ಕಬ್ಬಿಣದ ಗೇಟು, ನಿಂತ ಬಸ್ಸು ಇದ್ದರೆ, ಫೋನಿನ ಕವರಿನಲ್ಲಿ ಅಯಸ್ಕಾಂತ ಇದ್ದರೆ ಆ ದಿಕ್ಸೂಚಿ ಕೆಡುತ್ತದೆ. ಆಗ ನಿಮ್ಮ ಬಲ ಯಾವುದು ಎಂದು ಫೋನಿಗೇ ಗೊತ್ತಿರುವುದಿಲ್ಲ, ಆದರೂ ಧೈರ್ಯವಾಗಿ "ಬಲಕ್ಕೆ" ಎನ್ನುತ್ತದೆ. ಅನುಮಾನವನ್ನು ಅದು ದನಿಯಲ್ಲಿ ತೋರಿಸುವುದಿಲ್ಲ. ಕಣ್ಣಿದ್ದವರಿಗೆ ಪರದೆಯ ಮೇಲೆ ನೀಲಿ ಚುಕ್ಕೆಯ ಸುತ್ತ ದೊಡ್ಡ ವೃತ್ತ ಕಾಣುತ್ತದೆ, ವೃತ್ತ ದೊಡ್ಡದಾದಷ್ಟೂ ನಂಬಿಕೆ ಕಡಿಮೆ ಎಂದರ್ಥ. ಕೇಳುವವರಿಗೂ ಅಷ್ಟೇ ಸುಲಭವಾಗಿ ಅದು ತಿಳಿಯಬೇಕಿತ್ತು. "ನನಗೆ ಇಪ್ಪತ್ತು ಮೀಟರ್ ಅನುಮಾನ ಇದೆ" ಎಂದು ಒಂದು ಮಾತು ಹೇಳುವಂತೆ ಮಾಡುವುದು ಕಷ್ಟವೇನಲ್ಲ. ಇದು ನನಗೆ ನಿಜಕ್ಕೂ ಸಿಟ್ಟು ತರಿಸುವ ವಿಷಯ.

ದುಬಾರಿ ಫೋನ್ ಬಗ್ಗೆ ಕೇಳಿದ್ದೀರಿ. ಉಪಗ್ರಹಗಳು ಕಳಿಸುವ ಹಳೆಯ ಎಲ್1 ಸಿಗ್ನಲ್ ಜೊತೆಗೆ ಎಲ್5 ಎಂಬ ಹೊಸ ಸಿಗ್ನಲ್ ಕೂಡ ಹಿಡಿಯುವ ಫೋನುಗಳು 2018ರಿಂದ ಬಂದಿವೆ, ಈಗ ಮಧ್ಯಮ ಬೆಲೆಯಲ್ಲೂ ಸಿಗುತ್ತವೆ. ಕಟ್ಟಡಗಳ ನಡುವೆ ಅವು ವಾಸಿ. ಜಿಪಿಎಸ್ ಥರದ್ದೇ ಆದ ನಮ್ಮ ಇಸ್ರೋದ ನಾವಿಕ್ ಉಪಗ್ರಹಗಳ ಸಿಗ್ನಲ್ ಕೂಡ ಎಲ್5ನಲ್ಲಿ ಬರುತ್ತದೆ. ಹೇಗೂ ಫೋನು ಬದಲಿಸುವುದಿದ್ದರೆ ಇದನ್ನು ನೋಡಿ ತಗೊಳ್ಳಿ. ಇದಕ್ಕಾಗಿಯೇ ಸಾಲ ಮಾಡಬೇಡಿ, ತಪ್ಪು ಜಾಗದಲ್ಲಿಟ್ಟ ಗುರುತನ್ನು ಯಾವ ಫೋನೂ ಸರಿ ಮಾಡುವುದಿಲ್ಲ.

ಮೋಡಕ್ಕೂ ಮಳೆಗೂ ಈ ಸಿಗ್ನಲ್ ಕೆಡುವುದಿಲ್ಲ ಎಂದೇ ಹೇಳಬಹುದು. ದಟ್ಟ ಮರದ ಕೆಳಗೆ ಸ್ವಲ್ಪ ಕುಂದುತ್ತದೆ. ಹೊರಗೆ ಬಂದ ಕೂಡಲೇ ನಡೆಯಲು ಶುರು ಮಾಡಬೇಡಿ, ಮೊದಲ ಅರ್ಧ ನಿಮಿಷ ಫೋನು ಅಂದಾಜಿನಲ್ಲಿ ಇರುತ್ತದೆ. ಬ್ಯಾಟರಿ ಸೇವರ್ ಆಫ್ ಇಡಿ, ಕೆಲವು ಫೋನುಗಳಲ್ಲಿ ಪರದೆ ಆರಿದ ಕೂಡಲೇ ಅದು ಲೊಕೇಶನ್ ನಿಲ್ಲಿಸಿಬಿಡುತ್ತದೆ.

ಧಾರವಾಡದ ಮಾಸ್ತರ

ಮಳೆಗೆ ಸಿಗ್ನಲ್ ಕೆಡುವುದಿಲ್ಲ, ಸರಿ. ಆದರೆ ಧಾರವಾಡದ ಮಳೆಯಲ್ಲಿ ಫೋನು ನನಗೆ ಅರ್ಧ ಕೆಲಸಕ್ಕೂ ಬರುವುದಿಲ್ಲ. ಪರದೆ ಒದ್ದೆಯಾದರೆ, ಪರದೆಯಲ್ಲಿ ಇರುವುದನ್ನು ಓದಿ ಹೇಳುವ ಟಾಕ್‌ಬ್ಯಾಕ್‌ಗೆ ಬೆರಳು ಎಲ್ಲಿ ಸರಿಯಿತು ಎಂದೇ ತಿಳಿಯುವುದಿಲ್ಲ. ಕೊಡೆಯ ಮೇಲೆ ಮಳೆ ಬೀಳುವ ಸದ್ದಿನಲ್ಲಿ ಗಾಡಿಗಳ ಸದ್ದು ಮುಳುಗುತ್ತದೆ. ಒಂದು ಕೈಗೆ ಕೋಲು, ಇನ್ನೊಂದು ಕೈಗೆ ಕೊಡೆ, ಫೋನಿಗೆ ಕೈಯೇ ಇಲ್ಲ. ಅದಕ್ಕೆ ತಂಗಿ, ರೇನ್‌ಕೋಟು ತಗೋ, ಟೋಪಿ ಕಿವಿ ಮುಚ್ಚದ ಹಾಗಿರಲಿ. ಫೋನು ಒಳಜೇಬಿನಲ್ಲಿ ಇರಲಿ. ಜೋರು ಮಳೆಯ ದಿನ ಆಟೋ ಹತ್ತು, ಅದಕ್ಕೆ ಕಾಕಾ ಅವರ ಮಾತು ಸರಿ.

ಹೇಳಲು ಮರೆತಿದ್ದೆ, ಐಫೋನ್ ಇದ್ದವರು ಯಾರಾದರೂ ನಿನಗೆ ಸೌಂಡ್‌ಸ್ಕೇಪ್ ಥರದ್ದನ್ನು ಹೇಳಬಹುದು. ಹೋಗಬೇಕಾದ ಜಾಗದಿಂದಲೇ ಟಿಕ್ ಟಿಕ್ ಎಂಬ ಸದ್ದು ಬರುತ್ತಿದೆ ಅನಿಸುವ ಹಾಗೆ ಕಿವಿಯಲ್ಲಿ ಕೇಳಿಸುತ್ತದೆ. ಮೈಕ್ರೋಸಾಫ್ಟ್ 2018ರಲ್ಲಿ ತಂದು 2023ರಲ್ಲಿ ನಿಲ್ಲಿಸಿತು, ಆದರೆ ಕೋಡನ್ನು ಎಲ್ಲರಿಗೂ ಬಿಟ್ಟುಕೊಟ್ಟಿದ್ದರಿಂದ ವಾಯ್ಸ್‌ವಿಸ್ಟಾ ಎಂಬುದು ಅದೇ ದಾರಿಯಲ್ಲಿ ಮುಂದುವರಿದಿದೆ. ಬಹಳ ಒಳ್ಳೆಯ ಯೋಚನೆ. ಬಯಲಿನಲ್ಲಿ, ಕಾಲೇಜಿನ ಮೈದಾನದಲ್ಲಿ ಅದನ್ನು ಹಿಡಿದು ನಡೆಯುವುದೇ ಒಂದು ಸಂತೋಷ. ಆದರೆ ಆ ಸದ್ದು ನೇರ ಗೆರೆಯಲ್ಲಿ ಕರೆಯುತ್ತದೆ. ಹುಬ್ಬಳ್ಳಿ ಧಾರವಾಡ ನಡುವೆ ಓಡುವ ನಮ್ಮ ಚಿಗರಿ ಬಸ್ಸಿನ ನಿಲ್ದಾಣಗಳು ಇರುವುದು ರಸ್ತೆಯ ನಡುವೆ. ನಿಲ್ದಾಣದ ಗುರುತು ಸರಿಯಾದ ಜಾಗದಲ್ಲೇ ಇದ್ದರೂ, ಆ ಸದ್ದಿನ ಹಿಂದೆ ಹೋದರೆ ನೇರವಾಗಿ ಗಾಡಿಗಳ ನಡುವೆ ಇಳಿಯುತ್ತೀಯ. ದಾಟುವ ಜಾಗ ಐವತ್ತು ಮೀಟರ್ ಆಚೆ ಇರಬಹುದು. ಅದಕ್ಕೆ ನಾನು ನಿಲ್ದಾಣವನ್ನು ಉಳಿಸಿಕೊಳ್ಳುವುದೇ ಇಲ್ಲ, ದಾಟುವ ಜಾಗದ ಈಚೆ ತುದಿಯನ್ನು ಉಳಿಸಿಕೊಂಡಿದ್ದೇನೆ. ಅಲ್ಲಿ ನಿಂತು ಯಾರನ್ನಾದರೂ ಕೇಳಿ ದಾಟುತ್ತೇನೆ. ಒಳಗೆ ಹೋದ ಮೇಲೆ ಚಿಂತೆ ಇಲ್ಲ, ಬಸ್ಸಿನ ನೆಲದ ಮಟ್ಟಕ್ಕೇ ಪ್ಲಾಟ್‌ಫಾರ್ಮ್ ಇದೆ, ಮುಂದಿನ ನಿಲ್ದಾಣ ಯಾವುದು ಎಂದು ಬಸ್ಸೇ ಕೂಗಿ ಹೇಳುತ್ತದೆ.

ಗದಗಿನ ತಬಲಾ

ಅಕ್ಕಾವರೇ, ನಾನು ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವನು, ತಬಲಾ ಸಾಥಿ ಕೊಡಲು ಊರೂರು ಹೋಗುತ್ತೇನೆ. ನನಗೆ ಒಂದು ಕಣ್ಣಿನಲ್ಲಿ ಮಸುಕು ಮಸುಕಾಗಿ ಕಾಣುತ್ತದೆ, ರಾತ್ರಿ ಏನೂ ಇಲ್ಲ. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಇಬ್ಬರೂ ಕಣ್ಣಿಲ್ಲದವರು. ಯಾವ ಫೋನೂ ಇಲ್ಲದ ಕಾಲದಲ್ಲಿ ಊರೂರು ಸುತ್ತಿದರು, ಜನರ ಕೈ ಹಿಡಿದು. ನಾವೂ ಚಿಕ್ಕವರಿದ್ದಾಗ ಮುಂದಿನವನ ಹೆಗಲ ಮೇಲೆ ಕೈ ಇಟ್ಟು ಸಾಲಾಗಿ ನಡೆಯುತ್ತಿದ್ದೆವು. ಹಾಗಾಗಿ ಕೇಳಿ ನಡೆಯುವುದು ನನಗೆ ಸಣ್ಣತನ ಅನಿಸುವುದಿಲ್ಲ.

ಜಿಪಿಎಸ್ ನನಗೆ ನಡೆಯುವಾಗ ಅಲ್ಲ, ಬಸ್ಸಿನಲ್ಲಿ ಕುಳಿತಾಗ ಜೀವ ಉಳಿಸಿದೆ. ಮುಂಚೆ ಗದಗಿನಿಂದ ಹುಬ್ಬಳ್ಳಿಗೆ ಬರುವಾಗ ಪ್ರತಿ ಸಲ ಬಸ್ ನಿಂತಾಗ ಪಕ್ಕದವರನ್ನು "ಯಾವ ಊರು ಬಂತ್ರಿ" ಎಂದು ಕೇಳಬೇಕಿತ್ತು. ಪಕ್ಕದವರು ಮಲಗಿದ್ದರೆ ಕೆಟ್ಟೆ. ಈಗ ಕಿಟಕಿ ಬದಿ ಕುಳಿತುಕೊಳ್ಳುತ್ತೇನೆ, ಅಣ್ಣಿಗೇರಿ ದಾಟಿತು ಎಂದು ಫೋನು ಹೇಳುತ್ತದೆ, ತಬಲಾ ಗಂಟು ಕಟ್ಟಲು ಇನ್ನೂ ಹೊತ್ತಿದೆ ಎಂದು ಗೊತ್ತಾಗುತ್ತದೆ. ನಡು ದಾರಿಯಲ್ಲಿ ಇಳಿಯುವುದಿದ್ದರೆ ಒಂದು ವಿಷಯ ನೆನಪಿಡಿ. ಬಸ್ಸು 40ರ ವೇಗದಲ್ಲಿದ್ದರೆ ಸೆಕೆಂಡಿಗೆ 11 ಮೀಟರ್ ಹೋಗುತ್ತದೆ. ಫೋನು ಹೆಸರು ಹೇಳಿ ಮುಗಿಸುವಷ್ಟರಲ್ಲಿ ನಿಲ್ದಾಣ ಹಿಂದೆ ಹೋಗಿರುತ್ತದೆ. ಅದಕ್ಕೆ ನಿಲ್ದಾಣಕ್ಕೆ ಅರ್ಧ ಕಿಲೋಮೀಟರ್ ಮುಂಚೆ ಸಿಗುವ ಯಾವುದಾದರೂ ಜಾಗವನ್ನು ಗುರುತು ಮಾಡಿಕೊಂಡು, ಅದು ಬಂದಾಗಲೇ ಏಳುತ್ತೇನೆ.

ಹುಬ್ಬಳ್ಳಿ ರೈಲು ನಿಲ್ದಾಣದಲ್ಲಿ ಮಾತ್ರ ಫೋನನ್ನು ಜೇಬಿಗೆ ಹಾಕಿಬಿಡಿ. ಅಲ್ಲಿನ ಉದ್ದದ ಪ್ಲಾಟ್‌ಫಾರ್ಮ್ 1,507 ಮೀಟರ್, ಮೇಲೆ ತಗಡಿನ ಚಾವಣಿ ಬೇರೆ. "ನೀವು ಹುಬ್ಬಳ್ಳಿ ನಿಲ್ದಾಣದಲ್ಲಿದ್ದೀರಿ" ಎಂದು ತಿಳಿದು ಏನು ಮಾಡುವುದು, ನಮ್ಮ ಬೋಗಿ ಒಂದು ಕಿಲೋಮೀಟರ್ ಆಚೆ ಇದ್ದರೆ? ಪ್ಲಾಟ್‌ಫಾರ್ಮಿನ ಅಂಚು ಕೋಲಿಗೆ ಸಿಗಬೇಕು, ಮನುಷ್ಯರ ಮಾತು ಕಿವಿಗೆ ಬೀಳಬೇಕು.

ಕೋಲಿಗೆ ಸಿಕ್ಕಿಸುವ ಸ್ಮಾರ್ಟ್‌ಕೇನ್ ಬಗ್ಗೆಯೂ ವಿಚಾರಿಸಿ. ದೆಹಲಿ ಐಐಟಿಯವರು ಮಾಡಿದ್ದು, ಮೊಣಕಾಲಿನ ಮೇಲೆ ಅಡ್ಡ ಬರುವುದನ್ನು, ಅಂದರೆ ತಗ್ಗಾಗಿ ಚಾಚಿದ ಕೊಂಬೆ, ನಿಂತ ಲಾರಿಯ ಹಿಂಭಾಗ, ಇಂಥದ್ದನ್ನು ಹಿಡಿಕೆಯ ಕಂಪನದಿಂದ ತಿಳಿಸುತ್ತದೆ. ಗಟಾರು ಮಾತ್ರ ಅದಕ್ಕೂ ತಿಳಿಯುವುದಿಲ್ಲ, ಅದಕ್ಕೆ ಕೋಲಿನ ತುದಿಯೇ ಬೇಕು.

ರಾಣೆಬೆನ್ನೂರಿನವಳು

ಎಲ್ಲರಿಗೂ ಕೈ ಮುಗಿಯುತ್ತೇನೆ. ಹತ್ತು ದಿನ ಬಿಟ್ಟು ಬರೆಯುತ್ತಿದ್ದೇನೆ, ಮಾಡಿ ನೋಡಿ ಹೇಳೋಣ ಎಂದು.

ಕಾಕಾ, ನಿಮ್ಮ ಮಾತಿಗೆ ಬೇಸರ ಇಲ್ಲ. ಜೋರು ಮಳೆಗೆ ಆಟೋ ನಂಬರು ಇಟ್ಟುಕೊಂಡಿದ್ದೇನೆ. ಉಳಿದ ದಿನ ನಡೆಯುತ್ತೇನೆ. ದಿನಾ ಆಟೋದಲ್ಲೇ ಹೋದರೆ ಆ ರಸ್ತೆ ನನಗೆ ಯಾವತ್ತೂ ಗೊತ್ತೇ ಆಗುವುದಿಲ್ಲ.

ಮಾಸ್ತರೇ, ನಾನು ಎರಡೂ ಕಿವಿಗೆ ಹಾಕುತ್ತಿದ್ದೆ. ಒಂದು ತೆಗೆದ ಮೊದಲ ದಿನವೇ ದಾರಿಯಲ್ಲಿ ಹಿಟ್ಟಿನ ಗಿರಣಿ ಇದೆ ಎಂದು ತಿಳಿಯಿತು. ಮೂರು ವಾರ ಅದರ ಮುಂದೆಯೇ ಓಡಾಡಿದ್ದೆ, ಕೇಳಿರಲೇ ಇಲ್ಲ. ಗಿರಣಿ ದಾಟಿ ಮೂವತ್ತೆರಡು ಹೆಜ್ಜೆಗೆ ನನ್ನ ತಿರುವು. ಫೋನು ಆ ತಿರುವನ್ನು ಒಂದೊಂದು ದಿನ ಒಂದೊಂದು ಕಡೆ ಹೇಳುತ್ತದೆ, ಗಿರಣಿ ಇದ್ದಲ್ಲೇ ಇರುತ್ತದೆ. ಬೆಳಿಗ್ಗೆ ಕರೆಂಟು ಹೋದ ದಿನ ಗಿರಣಿ ಸುಮ್ಮನಿತ್ತು, ಆವತ್ತು ಫೋನೇ ಕೈ ಹಿಡಿಯಿತು.

ಪಿಜಿ ಗೇಟು, ಆಫೀಸ್ ಗೇಟು, ಮೆಡಿಕಲ್ ಶಾಪು, ಖಾನಾವಳಿ, ನಾಲ್ಕನ್ನೂ ಗೆಳತಿಯ ಜೊತೆ ಹೋಗಿ ನಿಂತು ಉಳಿಸಿಕೊಂಡೆ. ಫೋನಿನ ಕವರಿನಲ್ಲಿ ನಿಜವಾಗಿಯೂ ಅಯಸ್ಕಾಂತ ಇತ್ತು ನಕಾಶೆ ಅಣ್ಣಾ, ತೆಗೆದುಹಾಕಿದೆ. ಎಡ ಬಲ ಈಗ ಮುಂಚಿಗಿಂತ ಕಡಿಮೆ ತಪ್ಪುತ್ತದೆ.

ಅಪ್ಪ ಎರಡು ದಿನ ಬಂದಿದ್ದರು. ಮುಟ್ಟಬಾರದು, ಮಾತಾಡಬಾರದು, ಇಪ್ಪತ್ತು ಹೆಜ್ಜೆ ಹಿಂದೆ ಬರಬೇಕು ಎಂದು ಹೇಳಿದ್ದೆ. ಹಾಗೇ ಬಂದರು. ಆಫೀಸ್ ಗೇಟಿನಲ್ಲಿ ನಿಂತು ಕೇಳಿದ್ದು ಒಂದೇ ಮಾತು, "ಗಿರಣಿ ದಾಟಿದ ಮ್ಯಾಲೆ ನೀ ಫೋನಿಗೆ ಕಿವಿ ಕೊಡಲೇ ಇಲ್ಲಲ್ಲ, ಹೆಂಗ ತಿರುಗಿದಿ?" ಹೇಳಿದೆ. ಮರುದಿನ ಅವರೂ ಹೆಜ್ಜೆ ಎಣಿಸಿದರು, ಅವರಿಗೆ ಇಪ್ಪತ್ತೆಂಟು ಬಂತು. ಈಗ ನಡೆಯುವ ಹೊತ್ತಿಗೆ ವಾಟ್ಸಾಪ್‌ನಲ್ಲಿ ಒಂದು ಗಂಟೆಯ ಲೈವ್ ಲೊಕೇಶನ್ ಕಳಿಸುತ್ತೇನೆ. ಚುಕ್ಕೆ ಪಕ್ಕದ ಮನೆಯೊಳಗೆ ಹೋದ ಹಾಗೆ ಕಂಡರೆ ಗಾಬರಿ ಆಗಬೇಡ, ಅದು ಐದು ಹತ್ತು ಮೀಟರಿನ ತಪ್ಪು ಎಂದು ವಿವರಿಸಿ ಹೇಳಿದ್ದೇನೆ.

ಒಂದು ಉಳಿದಿದೆ. ನನ್ನ ಆಫೀಸಿನ ಗುರುತು ಮ್ಯಾಪಿನಲ್ಲಿ ಇನ್ನೂ ಹಿಂದಿನ ರಸ್ತೆಯಲ್ಲೇ ಇದೆ. ನನ್ನ ನಂತರ ಕಣ್ಣಿಲ್ಲದವರು ಇನ್ನೊಬ್ಬರು ಅಲ್ಲಿಗೆ ಬಂದರೆ? ಅದನ್ನು ಸರಿ ಮಾಡುವುದು ಹೇಗೆ, ನಾನೇ ಮಾಡಬಹುದಾ?

ನಕಾಶೆ ಹುಬ್ಬಳ್ಳಿ

ಖಂಡಿತ ನೀವೇ ಮಾಡಬಹುದು. ಗೂಗಲ್ ಮ್ಯಾಪ್‌ನಲ್ಲಿ ಆ ಜಾಗವನ್ನು ತೆರೆದು ತಿದ್ದುಪಡಿ ಸೂಚಿಸುವ ಆಯ್ಕೆ ಇದೆ, ಆದರೆ ಗುರುತನ್ನು ಎಳೆದು ಇಡುವುದಕ್ಕೆ ಪರದೆ ನೋಡುವವರು ಒಬ್ಬರು ಬೇಕಾಗುತ್ತದೆ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಕಟ್ಟಡವನ್ನು ಬೇರೆ, ಅದರ ಬಾಗಿಲನ್ನು ಬೇರೆ ಗುರುತಿಸಬಹುದು. ದಾಟುವ ಜಾಗವನ್ನೂ ಹಾಕಬಹುದು. ಮಾಸ್ತರರು ಹೇಳಿದ ವಾಯ್ಸ್‌ವಿಸ್ಟಾಗೆ ರಸ್ತೆಗಳ ಮಾಹಿತಿ ಸಿಗುವುದೂ ಅಲ್ಲಿಂದಲೇ.

ಭಾನುವಾರ ಬೆಳಿಗ್ಗೆ ಏಳಕ್ಕೆ ಗೆಳತಿಯನ್ನೂ ಕರೆದುಕೊಂಡು ಬಿವಿಬಿ ನಿಲ್ದಾಣದ ಹತ್ತಿರ ಬನ್ನಿ, ರಸ್ತೆ ಖಾಲಿ ಇರುತ್ತದೆ. ನಾನು ನನ್ನ ಅಕ್ಕನ ಜೊತೆ ಬರುತ್ತೇನೆ. ನೀವು ಗೇಟು ಹುಡುಕಿ ನಿಂತುಕೊಳ್ಳಿ, ನಿಂತ ಜಾಗವನ್ನು ನಾನು ನಕಾಶೆಗೆ ಹಾಕುತ್ತೇನೆ. ಮೊದಲು ಆ ಗಟಾರಿನ ಕಟ್ಟಡ, ಆಮೇಲೆ ನಿಮ್ಮ ಆಫೀಸು.